ಬೆಂದ ಆಲೂಗಡ್ಡೆಗೆ ಯಾವ ಜಾತಿ?



ಸ್ಯಾಂಡ್‌ವಿಚ್ ಅಂಗಡಿ ಮೇಲೆ ಲೇಖನ ಬರೀತೀವಿ ಅಂದಾಗ ಕೆಲವರು ನಕ್ಕರು. ಭೂಮಿಯ ಪ್ರಶ್ನೆ ಹಾಗೇ ಬಿದ್ದಿದೆ, ಸ್ಕಾಲರ್‌ಶಿಪ್ಪು ಬಂದಿಲ್ಲ, ಹಾಸ್ಟೆಲಿನ ಸಾರಿನಲ್ಲಿ ಬೇಳೆಯನ್ನು ಬಲೆ ಹಾಕಿ ಹುಡುಕಬೇಕು, ಇಂಥಾದ್ದರಲ್ಲಿ ಇವರಿಗೆ ಸ್ಯಾಂಡ್‌ವಿಚ್ಚಿನ ಚಿಂತೆ ಅಂದರು. ನಗಲಿ. ಈ ಅಂಗಡಿ ಬಗ್ಗೆ ಬೀದಿಯವರೆಲ್ಲ ತಲೆಗೊಂದು ಅಭಿಪ್ರಾಯ ಕೊಟ್ಟು ಮುಗಿಸಿದ್ದಾರೆ. ನಮ್ಮದೂ ಒಂದು ಇರಲಿ ಅಂತ ಬರೆಯುತ್ತಿದ್ದೇವೆ.

ಅಂಗಡಿ ಇರೋದು ಬೆಂಗಳೂರಿನಲ್ಲಿ, ನಮ್ಮ ಹಾಸ್ಟೆಲಿನ ಹಿಂದಿನ ಅಡ್ಡರಸ್ತೆಯಲ್ಲಿ. ಈ ವರ್ಷ ಫೆಬ್ರವರಿಯಲ್ಲಿ ಶುರುವಾಯಿತು. ಎಂಟಡಿ ಅಗಲದ ಮಳಿಗೆ. ಒಂದು ಗ್ಯಾಸ್ ಒಲೆ, ಕೈಯಲ್ಲಿ ಹಿಡಿದು ಸುಡುವ ಎರಡು ಟೋಸ್ಟರು, ಹೊರಗೆ ಒಂದು ಮರದ ಬೆಂಚು, ಕುಡಿಯೋ ನೀರಿಗೆ ಒಂದು ಸ್ಟೀಲ್ ಡ್ರಮ್ಮು. ನಡೆಸುವವರು ಗಂಡ ಹೆಂಡತಿ. ಅವರು ನಮ್ಮದೇ ಹಾಸ್ಟೆಲಿನಲ್ಲಿ ಮೂರು ವರ್ಷ ಇದ್ದು ಬಿ.ಕಾಂ. ಮಾಡಿದವರು, ನಮಗೆಲ್ಲ ಅಣ್ಣ. ಕೆಲಸ ಕೆಲಸ ಅಂತ ಅಲೆದು ಚಪ್ಪಲಿ ಸವೆದ ಮೇಲೆ, ಅಕ್ಕ ತಾನು ಎತ್ತಿದ ಚೀಟಿ ದುಡ್ಡಿಗೆ ತನ್ನ ಕಿವಿಯ ಓಲೆಯನ್ನೂ ಸೇರಿಸಿ ಅಡ್ವಾನ್ಸ್ ಕಟ್ಟಿದರು. ಬ್ರೆಡ್ಡಿಗೆ ಬೆಣ್ಣೆ, ಕೊತ್ತಂಬರಿ ಪುದೀನದ ಹಸಿರು ಚಟ್ನಿ, ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಟೊಮೇಟೊ, ಈರುಳ್ಳಿ, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಬೀಟ್‌ರೂಟು, ಮೇಲೆ ಚಾಟ್ ಮಸಾಲೆ. ಬೊಂಬಾಯಿಯ ಬೀದಿಬದಿಯ ತಿಂಡಿ, ಬೆಂಗಳೂರಿಗೆ ಬಂದು ಬೆಂಗಳೂರಿನದೇ ಆಗಿಹೋಗಿದೆ. 40 ರೂಪಾಯಿ. ಮೊಟ್ಟೆ ಹಾಕಿದರೆ 50.

ಮೊದಲ ಎರಡು ತಿಂಗಳು ಬೀದಿಯ ಅಭಿಪ್ರಾಯ ಏನಿತ್ತು? ಎದುರು ಮನೆಯ ರಿಟೈರ್ಡ್ ಆಫೀಸರು ಸಂಜೆ ವಾಕಿಂಗ್ ಮುಗಿಸಿ ಬಂದು, ‘ಚಟ್ನಿಗೆ ಅದೇನಯ್ಯಾ ಹಾಕ್ತೀಯ, ನಮ್ಮನೇಲಿ ಹೀಗೆ ಆಗೋದೇ ಇಲ್ಲ’ ಅಂತ ಒಂದು ತಿಂದು ಎರಡು ಕಟ್ಟಿಸಿಕೊಂಡು ಹೋಗುತ್ತಿದ್ದರು. ಮೂಲೆಮನೆಯ ತಾಯಿ ಮೊಮ್ಮಗನ ಹುಟ್ಟುಹಬ್ಬಕ್ಕೆ ಮೂವತ್ತು ಹೇಳಿ ಮಾಡಿಸಿಕೊಂಡರು. ಮಳಿಗೆ ಯಜಮಾನರು, ‘ನಿಮ್ಮಿಂದ ನಮ್ಮ ಬಿಲ್ಡಿಂಗಿಗೇ ಒಂದು ಕಳೆ ಬಂತು’ ಅಂದರು. ದಿನಕ್ಕೆ ಹದಿನಾರು ಪೌಂಡ್ ಬ್ರೆಡ್ಡು ಖರ್ಚಾಗುತ್ತಿತ್ತು. ಸಂಜೆ ಆರಕ್ಕೆ ಹೋದರೆ ಬೆಂಚಿನಲ್ಲಿ ಜಾಗ ಸಿಗುತ್ತಿರಲಿಲ್ಲ.

ಏಪ್ರಿಲ್ 14 ಬಂತು. ಅಣ್ಣ ಗಲ್ಲಾದ ಮೇಲ್ಗಡೆ ಬಾಬಾಸಾಹೇಬರ ಫೋಟೋ ತೂಗುಹಾಕಿ, ಹಾರ ಹಾಕಿ, ಬಂದವರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟರು. ಬಾಳೆಹಣ್ಣನ್ನು ಅವತ್ತು ಎಲ್ಲರೂ ತಿಂದರು. ಹಣ್ಣಿಗೆ ಸಿಪ್ಪೆ ಇತ್ತಲ್ಲ.

ಮಾರನೇ ದಿನದಿಂದ ಚಟ್ನಿ ಕೆಟ್ಟಿತು.

ಅದೇ ಕೊತ್ತಂಬರಿ, ಅದೇ ಪುದೀನ, ಅದೇ ಒರಳು, ಅದೇ ಕೈ. ಆದರೂ ಆಫೀಸರಿಗೆ ‘ಯಾಕೋ ಎಣ್ಣೆ ಸರಿಯಿಲ್ಲ, ಎದೆ ಉರಿ’ ಶುರುವಾಯಿತು. ಸ್ಯಾಂಡ್‌ವಿಚ್ಚಿಗೆ ಎಣ್ಣೆ ಹಾಕೋದೇ ಇಲ್ಲ ಸ್ವಾಮಿ, ಬೆಣ್ಣೆ. ಮೂಲೆಮನೆಯ ತಾಯಿಗೆ ‘ಮೊಟ್ಟೆ ವಾಸನೆ, ಕಿಟಕಿ ತೆಗೆಯೋ ಹಾಗಿಲ್ಲ’ ಅನ್ನಿಸಿತು. ಮೊಟ್ಟೆ ಫೆಬ್ರವರಿಯಿಂದ ಇದೆ. ಎರಡು ತಿಂಗಳು ಆ ಮೊಟ್ಟೆಗಳು ಉಸಿರು ಬಿಗಿ ಹಿಡಿದುಕೊಂಡು ಕೂತಿದ್ದವೇನೋ. ಸ್ಟೇಷನರಿ ಅಂಗಡಿಯವರು ‘ಹುಡುಗರ ಗಲಾಟೆ ಜಾಸ್ತಿ’ ಅಂದರು. ಆ ಹುಡುಗರು ನಾವೇ. ಅವರ ಅಂಗಡಿಯಲ್ಲಿ ನೋಟ್‌ಬುಕ್ಕು, ಜೆರಾಕ್ಸು ಅಂತ ವರ್ಷಗಟ್ಟಲೆ ನಿಂತಾಗ ನಾವು ಗಿರಾಕಿಗಳು. ನಾಲ್ಕು ಹೆಜ್ಜೆ ಈಚೆಗೆ ಬಂದು ಬೆಂಚಿನ ಮೇಲೆ ಕೂತರೆ ಗಲಾಟೆ.

ನಮ್ಮಲ್ಲಿ ನಾಲ್ಕು ಜನ ಸೇರಿಕೊಂಡು ಬೀದಿಯ ಬಾಗಿಲು ಬಾಗಿಲಿಗೂ ಹೋಗಿ ಕೇಳಿದೆವು. ಜಗಳಕ್ಕಲ್ಲ, ನಯವಾಗಿಯೇ. ಅಂಗಡಿ ಬಗ್ಗೆ ನಿಮ್ಮ ತಕರಾರೇನು, ಹೇಳಿ, ಸರಿಮಾಡಿಸೋಣ ಅಂತ. ಮೊದಲನೇ ಮನೆಯವರು, ‘ನಮಗೇನೂ ಇಲ್ಲಪ್ಪ, ಅಕ್ಕಪಕ್ಕದೋರಿಗೆ ಸ್ವಲ್ಪ...’ ಅಂದರು. ಪಕ್ಕದ ಮನೆಗೆ ಹೋದೆವು. ‘ಅಯ್ಯೋ ನಾವು ಜಾತಿಗೀತಿ ನೋಡೋರಲ್ಲ, ನಮ್ಮ ಮಗಳ ಫ್ರೆಂಡ್ಸೆಲ್ಲ ಎಲ್ಲಾ ಥರದೋರೂ ಇದಾರೆ, ಅಕ್ಕಪಕ್ಕದೋರು ಏನೋ ಅಂತಾರೆ’ ಅಂದರು. ಅದರ ಪಕ್ಕದವರೂ ಅದನ್ನೇ ಅಂದರು. ಬೀದಿಯ ಈ ಕೊನೆಯಿಂದ ಆ ಕೊನೆಗೆ ಹೋಗಿ ವಾಪಸ್ಸು ಬಂದೆವು. ಆ ಅಕ್ಕಪಕ್ಕದೋರು ಯಾವ ಮನೆಯಲ್ಲಿದ್ದಾರೆ ಅಂತ ಪತ್ತೆಯಾಗಲಿಲ್ಲ. ಅವರಿಗೆ ಬಾಗಿಲಿಲ್ಲ, ಹೆಸರಿಲ್ಲ, ಡೋರ್ ನಂಬರಿಲ್ಲ. ಆದರೆ ಆ ಅಕ್ಕಪಕ್ಕದೋರೇ ಈಗ ಮಳಿಗೆ ಯಜಮಾನರ ಬಾಯಿಂದ ಮಾತಾಡುತ್ತಿದ್ದಾರೆ. ‘ಹನ್ನೊಂದು ತಿಂಗಳ ಅಗ್ರಿಮೆಂಟು ಡಿಸೆಂಬರಿಗೆ ಮುಗಿಯುತ್ತೆ, ಮುಂದಕ್ಕೆ ನೋಡೋಣ, ನನಗೇನಿಲ್ಲ, ಅಕ್ಕಪಕ್ಕದೋರು...’

ಊರಿನಲ್ಲಿ ಹೀಗಿರಲಿಲ್ಲ. ಊರಿನಲ್ಲಿ ಗೌಡ ನೇರವಾಗಿ ಅಂದುಬಿಡುತ್ತಿದ್ದ, ಅತ್ತ ನಿಲ್ಲೋ ಅಂತ. ಯಾರು ಅಂದದ್ದು ಅಂತ ಗೊತ್ತಿರುತ್ತಿತ್ತು, ತಿರುಗಿ ನಿಲ್ಲೋದಕ್ಕೆ ಒಂದು ಮುಖ ಇರುತ್ತಿತ್ತು. ಇಲ್ಲಿ ಮುಖವೇ ಇಲ್ಲ. ನಗು ಇದೆ.

ಬೆಂಚಿನ ವಿಷಯಕ್ಕೆ ಬರೋಣ, ಯಾಕೆಂದರೆ ಒಬ್ಬರು ಮಾತ್ರ, ಅಪ್ಪಿತಪ್ಪಿ, ನಿಜ ಹೇಳಿದರು. ‘ಬೆಳಿಗ್ಗೆ ಹೊತ್ತು ಆ ಬೆಂಚಿನ ಮೇಲೆ ಯಾರ್ಯಾರೋ ಕೂತ್ಕೋತಾರೆ ಕಣ್ರೀ’ ಅಂದರು. ಯಾರ್ಯಾರೋ ಅಂದರೆ ನಮ್ಮ ತಾಯಂದಿರು, ಪೌರಕಾರ್ಮಿಕ ಹೆಂಗಸರು. ಈ ಬೀದಿಯ ಎಲೆ, ಧೂಳು, ಇವರು ರಾತ್ರಿ ಬಿಸಾಕಿದ ಡಬ್ಬ, ಮಕ್ಕಳ ಡೈಪರು, ನಾಯಿಯದು, ಎಲ್ಲಾ ಗುಡಿಸಿ ಎತ್ತಿ ಗಾಡಿಗೆ ತುಂಬಿ, ಎಂಟು ಗಂಟೆ ಹೊತ್ತಿಗೆ ಸೊಂಟ ನೆಟ್ಟಗೆ ಮಾಡೋದಕ್ಕೆ ಆ ಬೆಂಚಿನ ಮೇಲೆ ಕೂರುತ್ತಾರೆ. ಅಕ್ಕ ಅವರಿಗೆ ಟೀ ಕೊಡುತ್ತಾರೆ. ಸ್ಟೀಲ್ ಡ್ರಮ್ಮಿನ ನೀರು ಕುಡಿಯುತ್ತಾರೆ. ಇಷ್ಟು ವರ್ಷ ಈ ಬೀದಿಯಲ್ಲಿ ಅವರಿಗೆ ಕೂರುವ ಜಾಗ ಯಾವುದಿತ್ತು? ಫುಟ್‌ಪಾತಿನ ಅಂಚು, ಟ್ರಾನ್ಸ್‌ಫಾರ್ಮರಿನ ಕಟ್ಟೆ. ನೀರು ಕೇಳಿದರೆ ಗೇಟಿನ ಆಚೆಯಿಂದ ಪ್ಲಾಸ್ಟಿಕ್ ಬಾಟ್ಲಿ, ‘ಬಾಟ್ಲಿ ನೀವೇ ಇಟ್ಕೊಳಿ’ ಅನ್ನುವ ಔದಾರ್ಯದ ಜೊತೆಗೆ. ಬೀದಿ ಗುಡಿಸುವ ಕೈ ಬೇಕು, ಬೀದಿಯಲ್ಲಿ ಕೂರುವ ಮೈ ಬೇಡ.

ಈಗ ಇವರು ಮೈಲಿಗೆ ಅನ್ನುವ ಮಾತು ಆಡುವುದಿಲ್ಲ. ಆ ಮಾತು ಹಳೇದಾಯಿತು. ಹೈಜೀನ್ ಅನ್ನುತ್ತಾರೆ. ಮಡಿಯನ್ನು ಇಂಗ್ಲಿಷ್ ಸ್ಕೂಲಿಗೆ ಕಳಿಸಿ ಓದಿಸಿ ತಂದಿದ್ದಾರೆ. ಕೈಗೆ ಗ್ಲೌಸ್ ಇಲ್ಲ ಅನ್ನುವವರು ಅದೇ ಸಂಜೆ ಸರ್ಕಲಿನಲ್ಲಿ ನಿಂತು, ಮೊಣಕೈ ತನಕ ಪಾನಿಯಲ್ಲಿ ಅದ್ದಿದ ಕೈಯಿಂದ ಪೂರಿ ಈಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿ ರುಚಿ, ಇಲ್ಲಿ ಕ್ರಿಮಿ.

ಸರಿ, ಮಡಿಯ ಲೆಕ್ಕಕ್ಕೇ ಬರೋಣ. ನೀವು ಹೊಟ್ಟೆಗೆ ಹಾಕಿಕೊಳ್ಳುವ ಈ ಬ್ರೆಡ್ಡು ಯಾರದು?

ಪಾವ್ ಅನ್ನುವ ಮಾತೇ ಪೋರ್ಚುಗೀಸರದು. ಅವರು ಗೋವಾಕ್ಕೆ ಬಂದು ಬ್ರೆಡ್ಡು ಸುಡಲು ನಿಂತಾಗ ಈಸ್ಟ್ ಸಿಗದೆ ಹೆಂಡ ಹಾಕಿ ಹಿಟ್ಟು ಹುದುಗಿಸಿದರು. ಮೈದಾ, ನೀರು, ಹೆಂಡ, ಮೇಲೆ ದನ ತಿನ್ನುವವನ ಕೈ. ಮಡಿಯವರ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಮೈಲಿಗೆ ಇನ್ನೊಂದಿರಲಿಲ್ಲ. ಗೋವಾ, ವಸಯಿ ಕಡೆ ಇವತ್ತಿಗೂ ಒಂದು ಕತೆ ಹೇಳುತ್ತಾರೆ. ಪಾದ್ರಿಗಳು ಊರ ಬಾವಿಗೆ ಒಂದು ಚೂರು ಪಾವ್ ಹಾಕಿಬಿಡುತ್ತಿದ್ದರಂತೆ, ಆ ನೀರು ಕುಡಿದವರನ್ನು ಅವರ ಜಾತಿಯವರೇ ಹೊರಗೆ ಹಾಕುತ್ತಿದ್ದರಂತೆ, ಅಲ್ಲಿಗೆ ಊರಿಗೆ ಊರೇ ಕಿರಿಸ್ತಾನ. ನಡೆದದ್ದೋ ಕಟ್ಟಿದ್ದೋ, ಕತೆ ಇಷ್ಟು ಹೇಳುತ್ತದೆ: ಒಂದು ಚೂರು ಬ್ರೆಡ್ಡು ಒಂದು ಬಾವಿಯನ್ನೇ ಕೆಡಿಸುವಷ್ಟು ಅಸ್ಪೃಶ್ಯವಾಗಿತ್ತು. ಬಾವಿ ಮುಟ್ಟಿ ಕೆಡಿಸುವ ಆ ಪಟ್ಟ ನಮ್ಮದು ಮಾತ್ರ ಅಂದುಕೊಂಡಿದ್ದೆವು, ಬ್ರೆಡ್ಡಿಗೂ ಇತ್ತು.

ಆಮೇಲೆ ಏನಾಯಿತು? 1898ರಲ್ಲಿ, ಹಾಸನದ ಕಡೆಯಿಂದ ಬಂದ ತಿರುಮಲಾಚಾರ್ ಅನ್ನುವವರು ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆಗೆದರು. ಒಬ್ಬ ಇಂಗ್ಲಿಷ್ ದೊರೆ ಅವರಿಗೆ ಬ್ರೆಡ್ಡು ಸುಡುವುದನ್ನು ಕಲಿಸಿದ ಎನ್ನುತ್ತಾರೆ. ಅಲ್ಲಿಂದ ಮುಂದಕ್ಕೆ ಅಯ್ಯಂಗಾರ್ ಬೇಕರಿಗಳು ಬೆಂಗಳೂರನ್ನು ತುಂಬಿದವು, ಈಗ ರಾಜ್ಯದಲ್ಲಿ ಆ ಬೋರ್ಡಿಲ್ಲದ ಊರು ಅಪರೂಪ. ಆ ಮೊದಲ ಬೇಕರಿಯವರ ಮೇಲೆ ನಮಗೆ ಮುನಿಸಿಲ್ಲ. ದುಡಿದು ಒಲೆ ಮುಂದೆ ಬೆವರಿದವರು ಅವರು. ಅವರ ದಾರಿ ಹಿಡಿದವರ ಖಾರಾ ಬನ್ನು, ಬ್ರೆಡ್ ಟೋಸ್ಟು, ತಿಂಗಳ ಕೊನೆಯಲ್ಲಿ ಎಷ್ಟೋ ಹಾಸ್ಟೆಲ್ ಹುಡುಗರ ಜೀವ ಉಳಿಸಿದೆ. ನಾವು ಕೇಳೋದು ಬೀದಿಯವರನ್ನು. ಬಾವಿ ಕೆಡಿಸುತ್ತಿದ್ದ ಅದೇ ಮೈದಾ, ಅದೇ ನೀರು, ಅದೇ ಹುಳಿತ ಹಿಟ್ಟು ಅಯ್ಯಂಗಾರರ ಕೈಗೆ ಬಂದ ಕೂಡಲೇ ಹೇಗೆ ಮಡಿಯಾಯಿತು? ಬ್ರೆಡ್ಡು ಸ್ನಾನ ಮಾಡಿತೇ? ಜನಿವಾರ ಹಾಕಿಕೊಂಡಿತೇ? ಮ್ಲೇಚ್ಛನ ರೊಟ್ಟಿಯನ್ನು ಶುದ್ಧ ಮಾಡೋದಕ್ಕೆ ನಿಮಗೆ ಒಂದು ಬೋರ್ಡು ಸಾಕಾಯಿತು. ಮನುಷ್ಯನನ್ನು ಶುದ್ಧ ಅಂತ ಒಪ್ಪೋದಕ್ಕೆ ಸಾವಿರಾರು ವರ್ಷ ಸಾಕಾಗಲಿಲ್ಲ.

ಸ್ಯಾಂಡ್‌ವಿಚ್ ಅನ್ನುವ ಹೆಸರಾದರೂ ಯಾರದು? ಇಂಗ್ಲೆಂಡಿನ ಒಬ್ಬ ಪಾಳೆಗಾರನದು, ಹದಿನೆಂಟನೇ ಶತಮಾನದವನು. ಇಸ್ಪೀಟಿನ ಮೇಜು ಬಿಟ್ಟು ಏಳಲಾರದೆ ಎರಡು ಬ್ರೆಡ್ಡಿನ ನಡುವೆ ಮಾಂಸ ಇಡಿಸಿಕೊಂಡು ತಿಂದನಂತೆ. ಜೂಜುಕೋರನ ಎಂಜಲ ಹೆಸರನ್ನು ದಿನಾ ಬಾಯಲ್ಲಿ ಹೇಳಿಕೊಂಡು ತಿನ್ನುವವರಿಗೆ ನಮ್ಮ ಅಕ್ಕನ ಚಟ್ನಿ ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನು ಒಳಗಿನ ಪಲ್ಯ ತರಕಾರಿ. ಆಲೂಗಡ್ಡೆ ಹಾಸನದ ಹೊಲಗಳಿಂದ ಬರುತ್ತದೆ, ಇನ್ನೂ ಎಲ್ಲೆಲ್ಲಿಂದಲೋ ಬರುತ್ತದೆ. ಅದನ್ನು ಮಣ್ಣಿನಿಂದ ಕೀಳುವ ಕೈಗಳಲ್ಲಿ, ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವ ಹೆಗಲುಗಳಲ್ಲಿ ನಮ್ಮವರು ಎಷ್ಟಿಲ್ಲ? ಆ ಆಲೂಗಡ್ಡೆ ನೇರ ಇವರ ದೇವರ ಮನೆಯ ಪಕ್ಕದ ಅಡಿಗೆಮನೆಗೆ ಹೋಗುತ್ತದೆ. ಆಗ ಅದಕ್ಕೆ ಜಾತಿ ಇಲ್ಲ. ಅದೇ ಆಲೂಗಡ್ಡೆಯನ್ನು ಅದೇ ಜನ ನೀರಿಗೆ ಹಾಕಿ ಬೇಯಿಸಿ ಸಿಪ್ಪೆ ಸುಲಿದರೆ ಜಾತಿ ಬಂದುಬಿಡುತ್ತದೆ. ಮುಸುರೆ ಅನ್ನುವ ಒಂದು ಮಾತು ನಮ್ಮ ಕನ್ನಡದಲ್ಲಿ ಇದೆಯಲ್ಲ, ಅದರ ಕೆಲಸ ಇದು. ಹಸಿಯಾಗಿದ್ದರೆ ದವಸ, ಬೆಂದರೆ ಮುಸುರೆ. ಅಂದರೆ ನೀವು ಬೆಳೆಯಿರಿ, ಹೊರಿರಿ, ತೊಳೆಯಿರಿ, ಬೇಕಾದರೆ ಹೆಚ್ಚಿಕೊಡಿ. ಒಲೆ ಹತ್ತಿಸಬೇಡಿ. ಒಲೆ ಹತ್ತಿಸಿದರೆ ಲಾಭ ಇದೆಯಲ್ಲ! ಹಸಿ ಆಲೂಗಡ್ಡೆಯಲ್ಲಿ ಕೂಲಿ ಇದೆ, ಬೆಂದ ಆಲೂಗಡ್ಡೆಯಲ್ಲಿ ವ್ಯಾಪಾರ ಇದೆ. ಮುಸುರೆಯ ಗೆರೆ ಎಳೆದಿರೋದು ಸರಿಯಾಗಿ ಅದೇ ಜಾಗದಲ್ಲಿ.

ಬೋರ್ಡುಗಳನ್ನು ನೋಡಿಕೊಂಡು ಒಂದು ಸಲ ಊರು ಸುತ್ತಿ ಬನ್ನಿ. ಶಂಕರಪುರಂನಲ್ಲಿ 1965ರಿಂದ ಬ್ರಾಹ್ಮಣರ ಕಾಫಿ ಬಾರ್ ಇದೆ, ಇಡ್ಲಿಗೆ ಊರೆಲ್ಲ ಸಾಲು ನಿಲ್ಲುತ್ತದೆ. ಅಯ್ಯಂಗಾರ್ ಬೇಕರಿ ಇದೆ. ಗೌಡರ ಮುದ್ದೆ ಹೋಟೆಲು ಇದೆ. ಉತ್ತರ ಕರ್ನಾಟಕಕ್ಕೆ ಹೋದರೆ ಲಿಂಗಾಯತ ಖಾನಾವಳಿ. ಶೆಟ್ಟರು, ಭಟ್ಟರು, ರೆಡ್ಡಿಗಳು ಎಲ್ಲರ ಹೆಸರಿನಲ್ಲೂ ಎಲೆ ಹಾಕುತ್ತಾರೆ. ಜಾತಿಯ ಹೆಸರು ಅವರಿಗೆ ಒಗ್ಗರಣೆ ಇದ್ದ ಹಾಗೆ, ಘಮ ಎದ್ದು ಗಿರಾಕಿ ಬರುತ್ತಾನೆ. ಹೊಲೆಯರ ಕಾಫಿ ಬಾರ್ ಅಂತ ಒಂದು ಬೋರ್ಡು ಬರೆಸಿ ನೋಡೋಣ. ಮಾದಿಗರ ಬೇಕರಿ ಅಂತ ಬರೆಸಿ ನೋಡೋಣ. ಬೋರ್ಡು ಬರೆಯುವ ಪೇಂಟರೇ ಕುಂಚ ಕೆಳಗಿಟ್ಟು, ‘ಸಾರ್, ಇನ್ನೊಂದು ಸಲ ಯೋಚನೆ ಮಾಡಿ’ ಅನ್ನುತ್ತಾನೆ. ಎಲ್ಲರ ಜಾತಿಯೂ ರುಚಿ, ನಮ್ಮದು ವಾಸನೆ. ನಮ್ಮ ಅಣ್ಣ ಜಾತಿಯ ಬೋರ್ಡು ಕೂಡ ಹಾಕಲಿಲ್ಲ. ಈ ದೇಶಕ್ಕೆ ಸಂವಿಧಾನ ಬರೆದುಕೊಟ್ಟವರ ಒಂದು ಫೋಟೋ ಹಾಕಿದರು. ಅದೇ ಬೋರ್ಡು ಅಂತ ಬೀದಿ ಓದಿಕೊಂಡಿತು.

ಇದು ಬರೀ ನಮ್ಮ ಅಡ್ಡರಸ್ತೆಯ ಪುರಾಣ ಅಲ್ಲ. 2005ರ ಆರ್ಥಿಕ ಗಣತಿ ಹಿಡಿದು ಲೆಕ್ಕ ಮಾಡಿದವರು ಹೇಳಿದ್ದಾರೆ, ದೇಶದ ಉದ್ಯಮಗಳಲ್ಲಿ ಪರಿಶಿಷ್ಟ ಜಾತಿಯವರ ಒಡೆತನದವು ನೂರಕ್ಕೆ 9.8. ಜನಸಂಖ್ಯೆಯಲ್ಲಿ ನಾವು ನೂರಕ್ಕೆ 16ಕ್ಕಿಂತ ಹೆಚ್ಚು. ಬಂಡವಾಳ ಇಲ್ಲ ಅನ್ನೋದು ಒಂದು ಕಾರಣ, ಒಪ್ಪೋಣ. ಬಂಡವಾಳ ಹುಟ್ಟಿಸಿಕೊಂಡು, ಓಲೆ ಮಾರಿ, ಒಲೆ ಹಚ್ಚಿದ ಮೇಲೆ ಏನಾಗುತ್ತೆ ಅನ್ನೋದು ಯಾವ ಗಣತಿಯ ಕಾಲಮ್ಮಿನಲ್ಲೂ ಇಲ್ಲ. ಬಟ್ಟೆ ಅಂಗಡಿ, ಮೊಬೈಲ್ ರಿಪೇರಿ ಆದರೆ ಒಂದು ತೆರ. ಅನ್ನದ ಅಂಗಡಿ ಅಂದರೆ ಜಾತಿ ನಾಲಿಗೆಯ ಮೇಲೆ ಬಂದು ಕೂರುತ್ತದೆ.

2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆಯ ಬಿಸಿಯೂಟದ ಅಡಿಗೆಯವರನ್ನು ತೆಗೆದುಕೊಳ್ಳುವಾಗ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಿ ಅಂತ ಹೇಳಿತು. 2021ರ ಡಿಸೆಂಬರಿನಲ್ಲಿ ಉತ್ತರಾಖಂಡದ ಸುಖಿಢಾಂಗ್ ಶಾಲೆಯಲ್ಲಿ ದಲಿತ ಹೆಂಗಸು ಬಡಿಸಿದ ಅನ್ನವನ್ನು ಮೇಲ್ಜಾತಿ ಮಕ್ಕಳು ಮುಟ್ಟಲಿಲ್ಲ, ಆ ತಾಯಿಯನ್ನೇ ಕೆಲಸದಿಂದ ತೆಗೆದರು, ದೇಶವೆಲ್ಲ ಗಲಾಟೆಯಾದ ಮೇಲೆ ಮತ್ತೆ ತಗೊಂಡರು. ಉತ್ತರ ದೇಶದ ಮಾತು ಬಿಡಿ ಅನ್ನೋ ಹಾಗಿಲ್ಲ. 2025ರ ಜೂನ್‌ನಲ್ಲಿ ನಮ್ಮ ಚಾಮರಾಜನಗರದ ಹೊಮ್ಮ ಗ್ರಾಮದಲ್ಲಿ, ಅಡಿಗೆಗೆ ದಲಿತ ಹೆಂಗಸು ಬಂದರು ಅಂತ ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಹೋದರೆಂದು ಪತ್ರಿಕೆಗಳಲ್ಲಿ ಬಂತು. ಓದಿದವರು ಹೀಗೆ ಮಾಡಲ್ಲ ಅಂತೀರಾ? 2017ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಯ ಒಬ್ಬ ವಿಜ್ಞಾನಿ, ಅಡಿಗೆಯಾಕೆ ಜಾತಿ ಮುಚ್ಚಿಟ್ಟು ನಮ್ಮ ಮಡಿ ಕೆಡಿಸಿದಳು ಅಂತ ಪೊಲೀಸಿಗೆ ದೂರು ಕೊಟ್ಟರು. ಮೋಡದ ಒಳಗೆ ಏನಿದೆ ಅಂತ ಹೇಳುವ ಇಲಾಖೆ! ಆ ಅಡಿಗೆಯಾಕೆ ಮರಾಠ ಜಾತಿಯವರು. ನಮಗಿಂತ ಎಷ್ಟೋ ಮೆಟ್ಟಿಲು ಮೇಲಿನವರಿಗೇ ಈ ಗತಿ. 2024ರ ಮಾರ್ಚಿನಲ್ಲಿ ಜೊಮ್ಯಾಟೋ ಕಂಪನಿ ಶುದ್ಧ ಸಸ್ಯಾಹಾರಿ ಗಿರಾಕಿಗಳಿಗೆ ಬೇರೆ ಹುಡುಗರು, ಅವರಿಗೆ ಹಸಿರು ಅಂಗಿ ಅಂತ ಹೊರಟಿತು. ಬೈಸಿಕೊಂಡು ಮಾರನೇ ದಿನ ಹಸಿರು ಅಂಗಿ ಬಿಚ್ಚಿಸಿತು, ಬೇರೆ ಹುಡುಗರನ್ನು ಹಾಗೇ ಉಳಿಸಿಕೊಂಡಿತು. ಅದೇ ವರ್ಷ ಜುಲೈನಲ್ಲಿ ಉತ್ತರಪ್ರದೇಶದ ಮುಜಫ್ಫರನಗರದಲ್ಲಿ ಕಾವಡಿ ಯಾತ್ರೆಯ ದಾರಿಯ ಹೋಟೆಲಿನವರೆಲ್ಲ ಮಾಲೀಕರ ಹೆಸರು ಬರೆದು ತಗುಲಿಹಾಕಿ ಅಂತ ಪೊಲೀಸರು ಹೇಳಿದರು. ಸುಪ್ರೀಂ ಕೋರ್ಟು ಜುಲೈ 22ರಂದು ಅದನ್ನು ತಡೆಯಿತು, ಏನು ಊಟ ಅಂತ ಬರೆದರೆ ಸಾಕು, ಯಾರದು ಅಂತ ಬರೆಯಬೇಕಾಗಿಲ್ಲ ಅಂತ. ಅಲ್ಲಿ ಹೆಸರು ಬರೆಯಿರಿ ಅನ್ನುತ್ತಾರೆ, ಇಲ್ಲಿ ಫೋಟೋ ತೆಗೆಯಿರಿ ಅನ್ನುತ್ತಾರೆ. ಎರಡರಲ್ಲೂ ಕೇಳುತ್ತಿರೋದು ಒಂದೇ ಪ್ರಶ್ನೆ, ಬೇಯಿಸಿದ ಕೈ ಯಾವುದು ಅಂತ.

ನಮ್ಮಜ್ಜಂದಿರ ಕಾಲಕ್ಕೆ ಟೀ ಅಂಗಡಿಯ ಸೂರಿಗೆ ಸಿಕ್ಕಿಸಿದ ಬೇರೆ ಲೋಟ ಇತ್ತು, ಕೆಲವು ಕಡೆ ತೆಂಗಿನ ಚಿಪ್ಪು. ತಾವೇ ತೊಳೆದು, ಕುಡಿದು, ಮತ್ತೆ ತೊಳೆದು ಸಿಕ್ಕಿಸಬೇಕು. ಈಗ ಎರಡು ಲೋಟ ಇಲ್ಲ, ಅಸ್ಪೃಶ್ಯತೆ ಹೋಯಿತು ಅನ್ನುತ್ತಾರೆ. ಪೇಪರ್ ಲೋಟ ಬಂತು ಸ್ವಾಮಿ, ಅದಕ್ಕೇ ಹೋಯಿತು. ಕುಡಿದು ಬಿಸಾಕುವ ಲೋಟಕ್ಕೆ ಜಾತಿ ನೋಡುವ ಕಷ್ಟ ತಪ್ಪಿತು. ಆದರೆ ಲೋಟದ ಈಚೆಗಿರುವ ನಾವು ಆಚೆಗೆ ಹೋಗಿ, ಟೀ ಕಾಯಿಸಿ ಕೊಡುವ ಕಡೆ ನಿಂತಾಗ, ಪೇಪರ್ ಲೋಟವೂ ಕೈ ಸುಡುತ್ತದೆ.

ಕಾನೂನು ಇಲ್ಲವಾ ಅಂತ ಲಾ ಓದುವ ಗೆಳೆಯರು ಕೇಳಬಹುದು. ಇದೆ. ಸಂವಿಧಾನದ 17ನೇ ವಿಧಿ ಇದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ, ಪರಿಶಿಷ್ಟರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದೂ, ಹಾಕುತ್ತೇವೆಂದು ಬೆದರಿಸುವುದೂ ಅಪರಾಧ ಅಂತ ಸೇರಿಸಿದರು. ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಓದಿಕೊಳ್ಳಿ, ಅಣ್ಣನಿಗೂ ಓದಿ ಹೇಳಿ. ಆದರೆ ನನಗೆ ಇವತ್ತು ಹಸಿವಿಲ್ಲ ಅನ್ನುವವನ ಮೇಲೆ ಯಾವ ಸೆಕ್ಷನ್ನು ಹಾಕುತ್ತೀರಿ? ನಾಲ್ಕು ಜನ ಕೂಡಿ ಕೊಳ್ಳಬೇಡಿ ಅಂದರೆ, ಜಾತಿ ಕಾರಣಕ್ಕೆ ಮಳಿಗೆ ಬಿಡಿಸಿ ಅಂತ ಒತ್ತಾಯ ಮಾಡಿದರೆ ಕೇಸು. ಅದಕ್ಕೆ ಸಾಕ್ಷಿ ಬೇಕು. ಸಾಕ್ಷಿ ಹೇಳಬೇಕಾದವರು ಯಾರು? ಅಕ್ಕಪಕ್ಕದೋರು.

ಈಗ ನಮ್ಮವರ ಸರದಿ. ಬೀದಿಯವರನ್ನು ಬೈದು ಲೇಖನ ಮುಗಿಸಿದರೆ ಓದಲು ಚೆನ್ನಾಗಿರುತ್ತದೆ, ಆದರೆ ಹಾಸ್ಟೆಲಿನೊಳಗೂ ಅಭಿಪ್ರಾಯಗಳು ಹುಟ್ಟಿಕೊಂಡಿವೆ. ಒಬ್ಬ ಎಂ.ಬಿ.ಎ. ಗೆಳೆಯ ಅಣ್ಣನಿಗೆ ಬುದ್ಧಿ ಹೇಳಿದ. ‘ಬಿಸಿನೆಸ್ ಬೇರೆ, ಚಳುವಳಿ ಬೇರೆ. ಫೋಟೋ ಮನೇಲಿ ಇಟ್ಕೊಳಿ. ಇಲ್ಲಿ ಒಂದು ಗಣೇಶನ ಫೋಟೋ ಹಾಕಿ, ಮೊಟ್ಟೆ ತೆಗೀರಿ, ಪ್ಯೂರ್ ವೆಜ್ ಅಂತ ಬರೆಸಿ, ಒಂದೇ ವಾರದಲ್ಲಿ ಗಿರಾಕಿ ವಾಪಸ್ಸು.’ ಗಿರಾಕಿ ವಾಪಸ್ಸು ಬರಬಹುದು, ಅದನ್ನು ನಾವು ಅಲ್ಲಗಳೆಯೋದಿಲ್ಲ. ಹೆಸರು ಬದಲಾಯಿಸಿಕೊಂಡು, ಊರು ಕೇಳಿದರೆ ಕೇರಿ ಮುಚ್ಚಿಟ್ಟು, ಬಾಡಿಗೆ ಮನೆ ಹಿಡಿದಿರುವ ನಮ್ಮ ಜನರನ್ನು ನಾವು ಬೈಯುವುದಿಲ್ಲ, ಅವರ ಎದೆಬಡಿತ ನಮಗೆ ಗೊತ್ತು. ಆದರೆ ಗೆಳೆಯಾ, ಆ ಲೆಕ್ಕದಲ್ಲಿ ಅಣ್ಣ ಮಾರುತ್ತಿರೋದು ಸ್ಯಾಂಡ್‌ವಿಚ್ ಅಲ್ಲ. ದಿನಾ ಬೆಳಿಗ್ಗೆ ಏಳು ಗಂಟೆಗೆ ಷಟರು ಎತ್ತುವಾಗ ಬೇರೆ ಯಾರೋ ಆಗಿ ಎತ್ತಬೇಕು. ಸಿಕ್ಕಿಬೀಳುವ ದಿನ ಅಂತ ಒಂದು ಇದ್ದೇ ಇರುತ್ತದೆ, ಪುಣೆಯ ಆ ಅಡಿಗೆಯಾಕೆಗೆ ಬಂದ ಹಾಗೆ. ಅಷ್ಟರ ತನಕ ಬಡ್ಡಿ ಕಟ್ಟಿಕೊಂಡು ಹೆದರಬೇಕು.

ಇನ್ನೊಬ್ಬ ಇದಕ್ಕೆ ಪೂರಾ ಉಲ್ಟಾ. ನಾಳೆಯಿಂದಲೇ ಬಾಡಿನ ಸ್ಯಾಂಡ್‌ವಿಚ್ ಇಡಿ, ಬೀದಿ ಮೂಗು ಮುಚ್ಚಿಕೊಳ್ಳಲಿ, ಇದೇ ನಮ್ಮ ಆಹಾರ ಕ್ರಾಂತಿ ಅಂದ. ಭಾಷಣ ಜೋರಾಗಿತ್ತು. ಅಕ್ಕ ಟೋಸ್ಟರು ತಿರುಗಿಸುತ್ತಾ, ‘ನೀನು ಕ್ರಾಂತಿ ಮಾಡಿ ಊಟಕ್ಕೆ ಹಾಸ್ಟೆಲಿಗೆ ಹೋಗ್ತೀಯ ಕಣಪ್ಪ. ಐದನೇ ತಾರೀಖು ಬಾಡಿಗೆ ಕಟ್ಟೋಳು ನಾನು’ ಅಂದರು. ಆ ಗೆಳೆಯನಿಗೆ ಮಾತು ಹೊರಡಲಿಲ್ಲ.

ಮೂರನೇ ಥರದವರು ಮಾತೇ ಆಡುವುದಿಲ್ಲ. ಅವರು ಅಂಗಡಿ ಮುಂದೆಯೇ ಹಾದು ಮೇನ್‌ರೋಡಿಗೆ ಹೋಗಿ, ಗಾಜಿನ ಬಾಗಿಲ ಒಳಗೆ ತಣ್ಣಗೆ ಕೂತು, 180 ರೂಪಾಯಿ ಕೊಟ್ಟು ಅದೇ ಸೌತೆಕಾಯಿ ತಿಂದು ಬರುತ್ತಾರೆ. ಅವರ ಕಣ್ಣಲ್ಲಿ ನಮ್ಮವರ ಅಂಗಡಿ ಸ್ಟ್ಯಾಂಡರ್ಡ್ ಇಲ್ಲ. ಮೆಸ್ಸಿನ ತಟ್ಟೆ ಬಡಿದು ಧಿಕ್ಕಾರ ಕೂಗುವಾಗ ಇವರದೇ ದೊಡ್ಡ ದನಿ. ಹಾಸ್ಟೆಲ್ ಡೇ ದಿನ ಕೇಟರಿಂಗು ಯಾರಿಗೆ ಹೇಳಿದರು ಕೇಳಿ ನೋಡಿ.

ಹಾಗಂತ ಅಂಗಡಿಯನ್ನು ಹೊಗಳಿ ಅಟ್ಟಕ್ಕೇರಿಸಿ ಅಂತ ನಾವು ಹೇಳುತ್ತಿಲ್ಲ. ಬೀಟ್‌ರೂಟು ಕೆಲವು ದಿನ ಸರಿಯಾಗಿ ಬೆಂದಿರೋದಿಲ್ಲ. ಎಡಗಡೆ ಟೋಸ್ಟರು ಒಂದು ಮೂಲೆಯನ್ನು ಕರೀ ಮಾಡುತ್ತದೆ. ಚಟ್ನಿಗೆ ಅಣ್ಣ ಕೈ ಹಾಕಿದ ದಿನ ಹಸಿಮೆಣಸಿನಕಾಯಿಯ ಲೆಕ್ಕ ತಪ್ಪುತ್ತದೆ, ಕಣ್ಣಲ್ಲಿ ನೀರು. ಇದನ್ನೆಲ್ಲ ಅವರ ಮುಖಕ್ಕೇ ಹೇಳಿದ್ದೇವೆ, ಅಕ್ಕ ನಕ್ಕು ಇನ್ನೊಂದು ಪೀಸು ಕೊಟ್ಟರು. ನಮ್ಮ ಸಿಟ್ಟು ಏನೆಂದರೆ, ಬೀದಿಯಲ್ಲಿ ಒಬ್ಬರೂ ಈ ಮಾತು ಹೇಳಲಿಲ್ಲ. ಬೀಟ್‌ರೂಟು ಬೆಂದಿಲ್ಲ ಅಂತ ಯಾರಾದರೂ ಬೈದಿದ್ದರೆ ಬೇಯಿಸುತ್ತಿದ್ದರು. ಖಾರ ಜಾಸ್ತಿ ಅಂದಿದ್ದರೆ ಕಡಿಮೆ ಮಾಡುತ್ತಿದ್ದರು. ಎಲ್ಲಾ ಅಂಗಡಿಗಳೂ ಹೀಗೆ ಬೈಸಿಕೊಂಡೇ ಬೆಳೆಯೋದು. ನಮ್ಮವರ ಅಂಗಡಿಗೆ ಒಂದು ಅಂಗಡಿಯಾಗಿ ಬೈಸಿಕೊಳ್ಳುವ ಹಕ್ಕೂ ಇಲ್ಲ. ಅದು ಮುಚ್ಚಿದರೂ ಚಟ್ನಿ ಖಾರವಾಗಿ ಮುಚ್ಚುವುದಿಲ್ಲ.

ಕೋಲ್ಹಾಪುರದಲ್ಲಿ ನಡೆದ ಒಂದು ಸಂಗತಿ ನಿಮಗೆ ಗೊತ್ತಿರಬೇಕು. ಛತ್ರಪತಿ ಶಾಹು ಮಹಾರಾಜರು, 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಅಂತ ಮೀಸಲಿಟ್ಟವರು, ಅಸ್ಪೃಶ್ಯ ಹುಡುಗರಿಗೂ ಹಾಸ್ಟೆಲ್ ಮಾಡಿಸಿಕೊಟ್ಟವರು. ಅವರ ಲಾಯದಲ್ಲಿ ಗಂಗಾರಾಮ ಕಾಂಬಳೆ ಅನ್ನುವ ಅಸ್ಪೃಶ್ಯ ಸೇವಕನಿದ್ದ. ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದ ಅಂತ ಅವನನ್ನು ಚರ್ಮ ಸುಲಿಯುವ ಹಾಗೆ ಹೊಡೆದರು. ಮಹಾರಾಜರು ಹೊಡೆದವರನ್ನು ದಂಡಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಗಂಗಾರಾಮನ ಕೈಗೆ ದುಡ್ಡು ಕೊಟ್ಟು, ಹೋಗು, ಊರ ನಡುವೆ ಚಹಾದಂಗಡಿ ಇಡು ಅಂದರು. ಇಟ್ಟ. ಸತ್ಯಸುಧಾರಕ ಅಂತ ಹೆಸರು. ಅಂಗಡಿ ಬಲು ಚೊಕ್ಕಟವಾಗಿತ್ತು, ಚಹಾ ಚೆನ್ನಾಗಿತ್ತು, ಮೇಲ್ಜಾತಿಯ ಒಂದು ನರಪಿಳ್ಳೆ ಬರಲಿಲ್ಲ. ಸುದ್ದಿ ಅರಮನೆಗೆ ಮುಟ್ಟಿತು. ಮಹಾರಾಜರು ಕಾಯಿದೆ ಮಾಡಲಿಲ್ಲ, ಭಾಷಣ ಮಾಡಲಿಲ್ಲ. ಸವಾರಿ ಹೊರಟು, ಆ ಅಂಗಡಿ ಮುಂದೆ ಸಾರೋಟು ನಿಲ್ಲಿಸಿ, ‘ಗಂಗಾರಾಮ, ಚಹಾ ತಾ’ ಅಂದರು. ಎಲ್ಲರೂ ನೋಡುವ ಹಾಗೆ ಕುಡಿದರು. ಜೊತೆಯಲ್ಲಿದ್ದ ಮಡಿವಂತ ಅಧಿಕಾರಿಗಳಿಗೂ ಕುಡಿಸಿದರು. ಮಹಾರಾಜರ ಮುಂದೆ ಹೊಟ್ಟೆ ಸರಿಯಿಲ್ಲ ಅನ್ನುವ ಧೈರ್ಯ ಯಾರಿಗಿದೆ?

ಶಾಹು ಮಹಾರಾಜರು 1922ರಲ್ಲಿ ತೀರಿಕೊಂಡರು. ನಮ್ಮ ಅಡ್ಡರಸ್ತೆಗೆ ಸಾರೋಟು ಬರುವುದಿಲ್ಲ. ಎಂ.ಎಲ್.ಎ. ಕಾರು ಬರಬಹುದು, ಎಲೆಕ್ಷನ್ ಹತ್ತಿರ ಇದ್ದರೆ, ಫೋಟೋ ತೆಗೆಸಿಕೊಂಡು ಅರ್ಧ ತಿಂದು ಹೋಗುತ್ತದೆ. ಇರೋದು ನಾವು. ಮೂರು ಮಹಡಿ ಹಾಸ್ಟೆಲು, ಪಕ್ಕದ ಹೆಣ್ಣುಮಕ್ಕಳ ಹಾಸ್ಟೆಲು ಬೇರೆ. ಹದಿನಾರು ಪೌಂಡಿನಿಂದ ಏಳು ಪೌಂಡಿಗೆ ಇಳಿದ ಬ್ರೆಡ್ಡನ್ನು ಮತ್ತೆ ಮೇಲಕ್ಕೆ ಏರಿಸೋದಕ್ಕೆ ನಾವು ಸಾಲದಾ?

ನಾವು ತೀರ್ಮಾನಿಸಿರೋದು ಇಷ್ಟು. ಡಿಸೆಂಬರ್ ಬರುವ ಮೊದಲು ಹತ್ತು ಜನ ಹೋಗಿ ಮಳಿಗೆ ಯಜಮಾನರ ಹತ್ತಿರ ಕೂತು, ಮಾತಿನಲ್ಲಿ ಅಲ್ಲ, ಕಾಗದದಲ್ಲಿ ಉತ್ತರ ಕೇಳುತ್ತೇವೆ. ಅಗ್ರಿಮೆಂಟು ಯಾಕೆ ಮುಂದುವರಿಸಲ್ಲ, ಬರೆದು ಕೊಡಿ ಅಂತ. ಅಕ್ಕಪಕ್ಕದೋರು ಅಂತ ಬರೆದರೆ ಡೋರ್ ನಂಬರ್ ಹಾಕಿಸಿಕೊಳ್ಳುತ್ತೇವೆ. ಲಾ ಕಾಲೇಜಿನ ಇಬ್ಬರು ಗೆಳೆಯರು ಜೊತೆಗೆ ಬರುತ್ತೇವೆ ಅಂದಿದ್ದಾರೆ, ಇನ್ನೂ ಇಬ್ಬರು ಬೇಕು.

ಅಂಗಡಿ ಬೆಳಿಗ್ಗೆ ಏಳರಿಂದ ಹನ್ನೊಂದು, ಸಂಜೆ ನಾಲ್ಕರಿಂದ ಒಂಬತ್ತೂವರೆ. ಭಾನುವಾರ ಬೆಳಿಗ್ಗೆ ಇಲ್ಲ. ಫೋಟೋ ಇದ್ದ ಜಾಗದಲ್ಲೇ ಇದೆ. ಹೋಗುವವರು ಚಿಲ್ಲರೆ ತಗೊಂಡು ಹೋಗಿ. ನಮ್ಮೋರು ತಾನೇ, ಆಮೇಲೆ ಕೊಡ್ತೀನಿ ಅಂತ ಉದ್ರಿ ಬರೆಸಿರುವವರ ಹೆಸರುಗಳು ಅಕ್ಕನ ಪುಸ್ತಕದಲ್ಲಿ ಒಂದೂವರೆ ಪುಟ ಆಗಿವೆ, ಅವರು ಮೊದಲು ಹೋಗಿ. ಬೆಳಿಗ್ಗೆ ಎಂಟಕ್ಕೆ ಹೋದರೆ ಬೆಂಚಿನ ಮೇಲೆ ಪೌರಕಾರ್ಮಿಕ ತಾಯಂದಿರು ಇರುತ್ತಾರೆ. ಅವರು ಏಳೋ ತನಕ ನೀವು ನಿಂತುಕೊಂಡು ತಿನ್ನಿ.